ಕೀಲಿ ಕೊಟ್ಟ ಮಾತ್ರಕ್ಕೆ ಗಾಡಿ ಮಾರಿದಂತಲ್ಲ

ಅಡಿಕೆ ಕೊಯ್ಲು ಮುಗಿದು ಮಾರಾಟದ ಹಣ ಕೈಗೆ ಬಂದ ಮೇಲೆ ನಮ್ಮ ಅನೇಕ ಸದಸ್ಯರು ಹಳೆಯ ಗಾಡಿ ಕೊಟ್ಟು ಬೇರೊಂದನ್ನು ಕೊಳ್ಳುವ ಯೋಚನೆ ಮಾಡುವುದುಂಟು. ಹಿಂದೆ ಹಳೆಯ ಜೀಪು, ಮೋಟಾರ್ ಸೈಕಲ್ಲುಗಳು ಊರಿನವರಿಗೋ, ನೆಂಟರಿಗೋ, ಪರಿಚಯದ ಮೆಕ್ಯಾನಿಕ್ಕಿಗೋ ಹೋಗುತ್ತಿದ್ದವು. ಈಗ ಮೊಬೈಲಿನ ಜಾಹೀರಾತು ತಾಣದಲ್ಲಿ ನಾಲ್ಕು ಫೋಟೋ ಹಾಕಿ ಬೆಲೆ ಬರೆದರೆ ಸಂಜೆಯೊಳಗೆ ಹತ್ತಾರು ಫೋನು ಬರುತ್ತವೆ. ಊರಿನಲ್ಲಿ ಸಿಗುವುದಕ್ಕಿಂತ ಒಳ್ಳೆಯ ಬೆಲೆಯೂ ಸಿಗುತ್ತದೆ. ಆದರೆ ಕೊಳ್ಳುವವರ ಮುಖವನ್ನು ನಾವು ಮೊದಲು ನೋಡಿರುವುದಿಲ್ಲ. ವ್ಯವಹಾರ ಮುಗಿದ ಮೇಲೆ ನೋಡುವುದೂ ಇಲ್ಲ. ಆದ್ದರಿಂದ ಈ ವಿಷಯದಲ್ಲಿ ನಾವು ಪೆಟ್ಟು ತಿಂದು ಕಲಿತದ್ದನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನಮಗಾದ ಪಾಠ

ನಮ್ಮ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ, ತೋಟ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆ. ಕೆಲವು ವರ್ಷಗಳ ಹಿಂದೆ ತೋಟಕ್ಕೆ ಓಡಾಡುತ್ತಿದ್ದ ಮೋಟಾರ್ ಸೈಕಲ್ಲನ್ನು ಜಾಹೀರಾತು ನೋಡಿ ಬಂದ ಒಬ್ಬರಿಗೆ ಮಾರಿದೆವು. ಕೇಳಿದ ಹಣವನ್ನು ಎಣಿಸಿ ಕೊಟ್ಟರು. "ಹೆಸರು ನಾನ ಮಾಡಿಸ್ಕೋತೀನ್ರೀ, ನೀವೇನೂ ಚಿಂತಿ ಮಾಡಬ್ಯಾಡ್ರಿ" ಎಂದರು. ಖಾಲಿ ಫಾರಂಗಳಿಗೆ ಸಹಿ ಹಾಕಿ, ಆರ್.ಸಿ. ಮತ್ತು ಕೀಲಿ ಕೊಟ್ಟು ಕಳುಹಿಸಿದೆವು. ಅವರ ಗುರುತಿನ ಚೀಟಿಯ ನಕಲನ್ನು ಕೂಡ ಕೇಳಲಿಲ್ಲ.

ಹದಿನಾಲ್ಕು ತಿಂಗಳ ನಂತರ ಪೊಲೀಸ್ ಠಾಣೆಯೊಂದರಿಂದ ನಮ್ಮ ಹೆಸರಿಗೆ ನೋಟೀಸು ಬಂತು. ಆ ಗಾಡಿ ರಸ್ತೆ ದಾಟುತ್ತಿದ್ದ ಕೂಲಿಕಾರರೊಬ್ಬರಿಗೆ ಗುದ್ದಿ ಅವರ ಕಾಲು ಮುರಿದಿತ್ತು. ಓಡಿಸುತ್ತಿದ್ದವನು ಗಾಡಿ ಅಲ್ಲೇ ಬಿಟ್ಟು ಓಡಿಹೋಗಿದ್ದ. ವಿಮೆಯ ಅವಧಿ ಮುಗಿದಿತ್ತು. ನಮ್ಮಿಂದ ಕೊಂಡವರ ಫೋನು ಹತ್ತಲಿಲ್ಲ. ಮಾರಿಬಿಟ್ಟಿದ್ದೇವೆಂದು ಎಷ್ಟು ಹೇಳಿದರೂ ಬಂದ ಪ್ರಶ್ನೆ ಒಂದೇ: "ಆರ್.ಸಿ.ಯೊಳಗ ಯಾರ ಹೆಸರ ಐತ್ರೀ?" ಗಾಯಗೊಂಡವರು ದಿನದ ದುಡಿಮೆಯಿಂದ ಬದುಕುವವರು. ಅವರಿಗೂ ಬೇರೆ ದಾರಿ ಇರಲಿಲ್ಲ, ನಮಗೂ ಇರಲಿಲ್ಲ. ಗಾಡಿಗೆ ಬಂದ ಬೆಲೆಯ ಹಲವು ಪಟ್ಟು ತೆರಬೇಕಾಯಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಮಾತಿನ ಅರ್ಥ ಅಂದು ಸರಿಯಾಗಿ ತಿಳಿಯಿತು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಅದೇ ಕಾಯಿದೆಯ 50ನೇ ಕಲಮಿನಂತೆ, ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ವರದಿ ಮಾಡತಕ್ಕದ್ದು. ಕೊಂಡವರು 30 ದಿನಗಳೊಳಗೆ ಹೆಸರು ಬದಲಾವಣೆ ಕೋರತಕ್ಕದ್ದು. ಮಾರಿದವರ ವರದಿಗೆ ಫಾರಂ 29, ಕೊಂಡವರ ಅರ್ಜಿಗೆ ಫಾರಂ 30.

2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇತ್ಯರ್ಥಪಡಿಸಿದ ಒಂದು ಪ್ರಕರಣ ಈ ವಿಷಯದಲ್ಲಿ ಬಹು ಮುಖ್ಯವಾದುದು. ಮೂಲ ಮಾಲೀಕರು 2007ರಲ್ಲಿ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ಹೋಗಿ, 2009ರ ಮೇ ತಿಂಗಳಲ್ಲಿ ಅಪಘಾತ ಮಾಡಿತು. ಅಷ್ಟರವರೆಗೂ ಆರ್.ಸಿ.ಯಲ್ಲಿದ್ದುದು ಮೊದಲನೆಯವರ ಹೆಸರೇ. ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಅಪಘಾತಕ್ಕೀಡಾದವರು ಗಾಡಿ ಯಾರಿಂದ ಯಾರಿಗೆ ಹೋಯಿತೆಂದು ಹುಡುಕುತ್ತ ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ನ್ಯಾಯ. ಮಾರಿದವರಿಗೆ ಇದು ಕಠಿಣವೆನಿಸಬಹುದು. ಕಾಲು ಮುರಿದುಕೊಂಡು ಮಲಗಿದವರ ಕಡೆಯಿಂದ ನೋಡಿದರೆ ಸರಿಯೆನಿಸುತ್ತದೆ.

ಹಣ ಪಡೆಯುವಾಗ

ಕಳೆದ ವರ್ಷ ಜೀಪು ಮಾರಲು ಜಾಹೀರಾತು ಹಾಕಿದಾಗ ಮೊದಲು ಬಂದ ಕರೆ, ತಾನು ಸೈನ್ಯದಲ್ಲಿರುವವನೆಂದು ಹಿಂದಿಯಲ್ಲಿ ಹೇಳಿಕೊಂಡವನದು. ಗುರುತಿನ ಚೀಟಿಯ ಫೋಟೋ ಕಳುಹಿಸಿದ, ಗಾಡಿ ನೋಡದೆಯೇ ಬೆಲೆ ಒಪ್ಪಿದ. ಮುಂಗಡ ಕಳುಹಿಸುವೆನೆಂದು ಹೇಳಿ ಒಂದು ಕ್ಯೂ.ಆರ್. ಚಿತ್ರ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದ. ಮನೆಯ ಹುಡುಗರು ತಡೆಯದಿದ್ದರೆ ನಾವೂ ಒತ್ತಿಬಿಡುತ್ತಿದ್ದೆವು. ಬಂಧುಗಳು ಇಷ್ಟನ್ನು ನೆನಪಿಟ್ಟರೆ ಸಾಕು: ಹಣ ಕೊಡುವುದಕ್ಕೆ ಮಾತ್ರ ಪಿನ್ ಬೇಕು, ಪಡೆಯುವುದಕ್ಕೆ ಎಂದೂ ಬೇಡ. ಅಕಸ್ಮಾತ್ ಮೋಸಹೋದರೆ ತಡಮಾಡದೆ 1930 ಸಂಖ್ಯೆಗೆ ಫೋನು ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಹಣ ಜಮೆಯಾಯಿತೆಂದು ಬರುವ ಮೊಬೈಲ್ ಸಂದೇಶವನ್ನೂ ನಂಬಬಾರದು. ಖಾತೆ ತೆಗೆದು ನೋಡಬೇಕು. ಚೆಕ್ಕಾದರೆ ಅದು ಪಾಸಾಗುವವರೆಗೆ ಗಾಡಿ ಅಂಗಳದಲ್ಲೇ ಇರಲಿ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2017ರಿಂದ ಆದಾಯ ತೆರಿಗೆ ಕಾಯಿದೆಯ ನಿರ್ಬಂಧವಿದೆ. ಬ್ಯಾಂಕಿನ ಮೂಲಕ ಪಡೆದರೆ ದಾಖಲೆಯೂ ಉಳಿಯುತ್ತದೆ.

ಅನುಸರಿಸಬೇಕಾದ ಕ್ರಮ

ಜೀಪನ್ನು ಕೊನೆಗೆ ಬೈಲಹೊಂಗಲ ಕಡೆಯ ರೈತರೊಬ್ಬರಿಗೆ ಕೊಟ್ಟೆವು. ಆಗ ಅನುಸರಿಸಿದ ಕ್ರಮ ಹೀಗಿದೆ.

1. ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿದರಷ್ಟೇ ಸಾಲದು. ಬ್ಯಾಂಕು ಅಥವಾ ಸಂಘದ ಪತ್ರದೊಡನೆ ಫಾರಂ 35 ಸಲ್ಲಿಸಿ ಆರ್.ಸಿ.ಯಲ್ಲಿರುವ ಸಾಲದ ನಮೂದನ್ನು ಮೊದಲು ತೆಗೆಸಬೇಕು.

2. ಗಾಡಿ ತೋರಿಸುವುದು ಹಗಲಿನಲ್ಲಿ, ಜನರಿರುವ ಕಡೆ. ಓಡಿಸಿ ನೋಡುವುದಾದರೆ ಲೈಸೆನ್ಸ್ ನೋಡಿ, ನಮ್ಮವರೊಬ್ಬರು ಜೊತೆಗೆ ಕುಳಿತೇ ಹೋಗಬೇಕು.

3. ಮಾರಾಟದ ಪತ್ರದಲ್ಲಿ ಎಂಜಿನ್ ಮತ್ತು ಚಾಸಿ ಸಂಖ್ಯೆ, ಬೆಲೆ, ಗಾಡಿ ಒಪ್ಪಿಸಿದ ದಿನಾಂಕ ಮಾತ್ರವಲ್ಲ, ಗಂಟೆಯನ್ನೂ ಬರೆಯಬೇಕು. ಇಬ್ಬರು ಸಾಕ್ಷಿಗಳ ಸಹಿ ಮತ್ತು ಕೊಳ್ಳುವವರ ಗುರುತು, ವಿಳಾಸದ ನಕಲು ಇರಲಿ.

4. ಖಾಲಿ ಫಾರಂಗೆ ಸಹಿ ಹಾಕಲೇಬಾರದು. ಕೊಳ್ಳುವವರ ಹೆಸರು, ವಿಳಾಸ ತುಂಬಿದ ನಂತರವೇ ಸಹಿ.

5. ಆರ್.ಟಿ.ಓ. ಕೆಲಸಕ್ಕೆ ಇಬ್ಬರೂ ಕೂಡಿಯೇ ಹೋಗಿ ಅರ್ಜಿ ಕೊಟ್ಟು ರಸೀದಿ ಪಡೆಯುವುದು ಉತ್ತಮ.

6. ಗೋವಾದವರಿಗೋ ಚಂದಗಡ, ಕೊಲ್ಲಾಪುರದವರಿಗೋ ಮಾರುವುದಾದರೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಗಡಿಯ ಆಚೆ ಹೋದ ಗಾಡಿಯನ್ನು ಹುಡುಕುವುದು ಕಷ್ಟ. ಪತ್ರ ಬರುವವರೆಗೆ ಕೀಲಿ ಕೊಡಬಾರದು.

7. ಫಾಸ್ಟ್ಯಾಗ್ ಕಿತ್ತು, ಖಾತೆ ಮುಚ್ಚಿಸಬೇಕು. ಇಲ್ಲವಾದರೆ ಹಿರೇಬಾಗೇವಾಡಿ ನಾಕಾದಲ್ಲಿ ಅವರು ದಾಟಿದ್ದಕ್ಕೆ ನಮ್ಮ ಹಣ ಹೋಗುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್ ನಮ್ಮದು. ಅದರ ಪತ್ರ ಕೇಳಿ ಪಡೆದರೆ ಮುಂದಿನ ಗಾಡಿಗೆ ಉಪಯೋಗವಾಗುತ್ತದೆ.

ಹಳೆಯ ಗಾಡಿಯ ವ್ಯಾಪಾರಿಗೆ ಕೊಡುವವರೂ ಎಚ್ಚರದಿಂದಿರಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ವ್ಯಾಪಾರಿಯು ಆರ್.ಟಿ.ಓ.ದಿಂದ ಅಧಿಕಾರ ಪತ್ರ ಪಡೆದಿರಬೇಕು, ಗಾಡಿ ಅವರ ವಶಕ್ಕೆ ಹೋದುದನ್ನು ಪರಿವಾಹನ ತಾಣದಲ್ಲಿ ದಾಖಲಿಸಬೇಕು. ಆ ಪತ್ರವನ್ನು ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ಮಂಡಿಗೆ ಅಡಿಕೆ ಹಾಕಿದಾಗ ತೂಕದ ಚೀಟಿ, ಪಟ್ಟಿ ಕೈಗೆ ಬರುವವರೆಗೆ ನಾವು ಅಲ್ಲಿಂದ ಕದಲುವುದಿಲ್ಲ. ಗಾಡಿಯ ವಿಷಯದಲ್ಲಿ ಹೆಸರು ಬದಲಾದ ಆರ್.ಸಿ.ಯೇ ಪಟ್ಟಿ. ತಿಂಗಳಾದರೂ ಹೆಸರು ಬದಲಾಗದಿದ್ದರೆ ಕೊಂಡವರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು, ಅದರ ನಕಲಿನೊಡನೆ ಆರ್.ಟಿ.ಓ.ಗೆ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಬೇಕು. ಆದರೂ ಹೆಸರು ಬದಲಾಗುವ ತನಕ ಹೊಣೆ ತಪ್ಪಿತೆಂದು ನಿಶ್ಚಿಂತರಾಗಬಾರದು.

ಈಗಾಗಲೇ ಗಾಡಿ ಮಾರಿ ಮರೆತಿರುವ ಸದಸ್ಯರು ಬಹಳ ಮಂದಿ ಇದ್ದಾರೆಂದು ನಮಗೆ ಗೊತ್ತು. ಅವರಲ್ಲಿ ನಮ್ಮ ಒಂದು ವಿನಂತಿ. ಇಂದೇ ಆ ಹಳೆಯ ಸಂಖ್ಯೆಯನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ಹೆಸರು, ವಿಮೆಯ ಅವಧಿ ಎರಡನ್ನೂ ನೋಡಿ. ಮೊಬೈಲು ಬಾರದಿದ್ದರೆ ಮನೆಯ ಮಕ್ಕಳನ್ನು ಕೇಳಿ. ಅಲ್ಲಿ ಇನ್ನೂ ನಿಮ್ಮ ಹೆಸರೇ ಇದ್ದರೆ ನಾಳೆಯೇ ಕೊಂಡವರನ್ನು ಹುಡುಕಿಕೊಂಡು ಹೊರಡಿ. ನಾವು ಹೊರಡುವ ಹೊತ್ತಿಗೆ ಹದಿನಾಲ್ಕು ತಿಂಗಳು ಕಳೆದುಹೋಗಿತ್ತು.