ಕರಿಮರಳಿನಿಂದ ಉಕ್ಕು: ಮಧುಗಿರಿ ಸೀಮೆಯ ಲೋಹವಿದ್ಯೆ

ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಹಿಂದೆ ಕಬ್ಬಿಣದ ಅದಿರು ಸಿಗುತ್ತಿದ್ದುದು ಗಣಿಯಲ್ಲಲ್ಲ, ಹಳ್ಳದಲ್ಲಿ. ಮಳೆಗಾಲದ ತೊರೆಗಳು ಬೆಟ್ಟಗಳಿಂದ ಹೊತ್ತು ತರುತ್ತಿದ್ದ ಕರಿಮರಳನ್ನು ಆರಿಸಿ, ಕರಗಿಸಿ, ಕೊನೆಗೆ ಉಕ್ಕನ್ನೇ ಮಾಡುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಈ ಕಸುಬನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನರಾಯನದುರ್ಗ ಈಗ ಕೊರಟಗೆರೆ ತಾಲ್ಲೂಕಿನಲ್ಲಿದೆ.

ರಾಮನಗರದ ಕಡೆಯಿಂದ ಉತ್ತರಕ್ಕೆ ಚಾಚಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಪಾವಗಡದತ್ತ ಸಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಸಣ್ಣ ಕಣಗಳಾಗಿ ಚದುರಿಕೊಂಡಿರುತ್ತದೆ. ಅಪ್ಪಟ ಮ್ಯಾಗ್ನಟೈಟಿನಲ್ಲಿ ಶೇ. 72ರಷ್ಟು ಕಬ್ಬಿಣವಿದ್ದರೂ ಬಂಡೆಯಲ್ಲಿ ಆ ಕಣಗಳೇ ವಿರಳ. ಬಂಡೆಯನ್ನು ಒಡೆದು ಪುಡಿಮಾಡಿ ಕಬ್ಬಿಣ ತೆಗೆಯಹೊರಟರೆ ಸಿಕ್ಕಿದ್ದಕ್ಕಿಂತ ಪಟ್ಟ ಪಾಡೇ ಹೆಚ್ಚಾಗುತ್ತದೆ.

ಆ ಪಾಡನ್ನು ಇಲ್ಲಿ ಬಿಸಿಲು, ಮಳೆಗಳೇ ಪಟ್ಟಿದ್ದವು. ಬಂಡೆ ಶಿಥಿಲವಾಗಿ ಉದುರಿದ ಮರಳು ತೊರೆಗೆ ಇಳಿದಾಗ ಅದರಲ್ಲಿರುವ ಕಣಗಳು ತೂಕಕ್ಕೆ ತಕ್ಕಂತೆ ಬೇರೆಯಾಗುತ್ತವೆ. ಬಿಳಿಮರಳಿನ ಕ್ವಾರ್ಟ್ಜ್ ನೀರಿಗಿಂತ ಸುಮಾರು 2.65 ಪಟ್ಟು ಭಾರ, ಮ್ಯಾಗ್ನಟೈಟ್ ಐದು ಪಟ್ಟಿಗೂ ಹೆಚ್ಚು. ಹರಿವು ತಗ್ಗಿದಲ್ಲಿ ಕರಿಯ ಕಣಗಳು ಮೊದಲು ತಂಗುತ್ತವೆ, ಹಗುರ ಮರಳು ಮುಂದಕ್ಕೆ ಹೋಗುತ್ತದೆ. ಹೀಗೆ ತಂಗಿದ್ದನ್ನು ಮತ್ತೆ ನೀರಿನಲ್ಲಿ ತೊಳೆದರೆ ಅದಿರು ಇನ್ನಷ್ಟು ಹಸನಾಗುತ್ತದೆ. ಅಕ್ಕಿಯನ್ನು ಜಾಲಿಸಿ ಕಲ್ಲನ್ನು ತಳದಲ್ಲಿ ಉಳಿಸುವುದೂ ಇದೇ ಉಪಾಯ. ಹೊಳೆಮರಳಿನಿಂದ ಚಿನ್ನ ತೆಗೆಯುವವರಿಗೆ ಜಾಲಗಾರರೆಂಬ ಹೆಸರು ಬಂದದ್ದೂ ಈ ಜಾಲಿಸುವ ಕೆಲಸದಿಂದಲೇ.

ಮುಂದಿನದು ಬೆಂಕಿಯ ಕೆಲಸ. ಮಣ್ಣಿನ ಕುಲುಮೆಯಲ್ಲಿ ಇದ್ದಿಲು ಮತ್ತು ಕರಿಮರಳನ್ನು ಹಾಕುತ್ತ ತಿದಿ ಒತ್ತುತ್ತಿದ್ದರು. ಇದ್ದಿಲು ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಥ ಕುಲುಮೆಗೆ ಅಷ್ಟು ಕಾವು ಬರುವುದಿಲ್ಲ. ಆದ್ದರಿಂದ ಕಬ್ಬಿಣ ನೀರಾಗದೆ, ಸ್ಪಂಜಿನಂತೆ ತೂತುತೂತಾದ ಮುದ್ದೆಯಾಗಿ ಉಳಿಯುತ್ತದೆ. ಮರಳಿನ ಅಂಶ ಮಾತ್ರ ಒಂದಿಷ್ಟು ಕಬ್ಬಿಣವನ್ನೂ ಸೇರಿಸಿಕೊಂಡು ಕಿಟ್ಟವಾಗಿ ಕರಗುತ್ತದೆ. ಮುದ್ದೆಯನ್ನು ಕಾಸಿ ಬಡಿದಂತೆಲ್ಲ ಒಳಗಿನ ಕಿಟ್ಟ ಹೊರಬಿದ್ದು ಕಬ್ಬಿಣ ಗಟ್ಟಿಯಾಗುತ್ತದೆ.

ಈ ಕಬ್ಬಿಣ ಮೆದು. ಅದಕ್ಕೆ ಅಳತೆ ಮೀರದಂತೆ ಇಂಗಾಲ ಕೂಡಿಸಿದರೆ ಉಕ್ಕು. ಬುಕನನ್ ಕಂಡಂತೆ, ಹಸಿಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ನಾಣ್ಯಗಳಷ್ಟು ತೂಕದ ತಂಗಡಿ ಗಿಡದ ಕಡ್ಡಿ, ಅಗಲ ಎಲೆಯ ಬಳ್ಳಿಯೊಂದರ ಎರಡು ಹಸಿ ಎಲೆ ಹಾಕಿ, ಮಣ್ಣಿನ ಮುಚ್ಚಳವಿಟ್ಟು ಸಂದು ಮೆತ್ತುತ್ತಿದ್ದರು. ಒಣಗಿದ ಮೂಸೆಗಳನ್ನು ನೆಲದೊಳಗಿನ ಒಲೆಯ ಬಾಯಿಗೆ ಗುಮ್ಮಟದಂತೆ ಜೋಡಿಸಿ, ಇದ್ದಿಲು ಮುಚ್ಚಿ, ನಾಲ್ಕು ಗಂಟೆ ತಿದಿ ಒತ್ತಿದರೆ ಒಂದು ಪಾಳಿ ಮುಗಿಯುತ್ತಿತ್ತು. ಹಗಲಿರುಳು ಸೇರಿ ದಿನಕ್ಕೆ ಐದು ಪಾಳಿ, ಪಾಳಿಗೆ 14 ಮೂಸೆ. ಮುಚ್ಚಿದ ಮೂಸೆಯೊಳಗೆ ಕಡ್ಡಿ, ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣವನ್ನು ಸೇರುತ್ತವೆ. ಇಂಗಾಲ ಬೆರೆತಂತೆ ಕರಗುವ ಕಾವೂ ತಗ್ಗುವುದರಿಂದ ಲೋಹ ನೀರಾಗಿ, ಆರಿದ ಮೇಲೆ ಗುಂಡಿಯಂತೆ ತಳದಲ್ಲಿ ಕೂರುತ್ತದೆ.

ಕಲ್ಲುಕುಟಿಗರ ಉಳಿಗೂ ಕತ್ತಿಗೂ ವಾದ್ಯಗಳ ತಂತಿಗೂ ಈ ಉಕ್ಕು ಬೇಕಿತ್ತು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿ ದೂರದ ಊರುಗಳಿಗೂ ಹೋಗುತ್ತಿತ್ತು. ದಕ್ಷಿಣ ಭಾರತದ ಮೂಸೆ ಉಕ್ಕಿಗೆ ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿತ್ತು. ‘ಉಕ್ಕು’ ಎಂಬ ಮಾತೇ ಹಾಗೆ ಮಾರ್ಪಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ 1819ರ ಸುಮಾರಿಗೆ ಈ ಉಕ್ಕನ್ನು ಪರೀಕ್ಷಿಸಿದ್ದ. ಮುಂದೆ ವಿದೇಶದ ಕಾರ್ಖಾನೆಗಳ ಅಗ್ಗದ ಕಬ್ಬಿಣ ಬಂದು, ಇದ್ದಿಲಿನ ಸೌದೆ ದುಬಾರಿಯಾಗಿ, ಇಂಥ ಕುಲುಮೆಗಳು ಆರಿದವು.

ಜಾಲಿಸುವ ಉಪಾಯ ಮಾತ್ರ ಬಳಕೆಯಲ್ಲೇ ಇದೆ. ಟಂಗ್‌ಸ್ಟನ್ ಎಂಬ ಲೋಹದ ಕಣಗಳು ವಿರಳವಾಗಿರುವ ಬಡ ಅದಿರಿಗೂ ಅದೇ ಮೊದಲ ಹೆಜ್ಜೆ. ಕೋಲಾರ ಚಿನ್ನದ ಗಣಿಯಲ್ಲಿ ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಗುಡ್ಡಗಳಲ್ಲಿ ಷೀಲೈಟ್ ಎಂಬ ಟಂಗ್‌ಸ್ಟನ್ ಖನಿಜ ಅತ್ಯಲ್ಪ ಪ್ರಮಾಣದಲ್ಲಿದೆ. ಅದು ನೀರಿಗಿಂತ ಆರು ಪಟ್ಟು ಭಾರವಾದ್ದರಿಂದ ನೀರು ಹರಿಯುವ, ಅಲುಗಾಡುವ ಮೇಜಿನ ಮೇಲೆ ಹಗುರ ಮರಳಿನಿಂದ ಬೇರೆಯಾಗುತ್ತದೆ. ಉಳಿದ ನವಿರು ಕಣಗಳನ್ನು ನೊರೆಗೆ ಅಂಟಿಸಿ ಎತ್ತಬಹುದು. ಹೀಗೆ ಹಸನಾದ ಅದಿರನ್ನು ರಾಸಾಯನಿಕಗಳಲ್ಲಿ ಕರಗಿಸಿ ಆಕ್ಸೈಡ್ ಪಡೆದು, ಜಲಜನಕದಲ್ಲಿ ಕಾಸಿದರೆ ಲೋಹದ ಪುಡಿ ಸಿಗುತ್ತದೆ. ಟಂಗ್‌ಸ್ಟನ್ ಕರಗಲು 3,400 ಡಿಗ್ರಿಗೂ ಮೀರಿದ ಕಾವು ಬೇಕಾದ್ದರಿಂದ ಅದನ್ನೂ ಕರಗಿಸದೆಯೇ, ಪುಡಿಯನ್ನು ಒತ್ತಿ ಕಾಸಿ ಗಟ್ಟಿ ಮಾಡುತ್ತಾರೆ.