ಹೋಗಿ ಬರುತ್ತೇನೆ

ಕಳೆದ ಜೂನ್ ತಿಂಗಳಲ್ಲಿ ನನ್ನ ಮಗಳು ಕಾಲೇಜಿನ ವ್ಯಾಸಂಗಕ್ಕಾಗಿ ಪುಣೆಗೆ ಹೊರಟಳು. ಪೆಟ್ಟಿಗೆಯನ್ನು ನಾನು ಕೆಳಗಿಳಿಸಿ ಬಂದೆ. ಅವಳ ತಾಯಿ ಮೊಸರನ್ನದ ಡಬ್ಬಿಯನ್ನು ಕೈಗಿತ್ತಳು. ಹುಡುಗಿಯು ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತ, ನಮ್ಮತ್ತ ಕೈ ಬೀಸಿ "ಬೈ" ಎಂದಳು. ಮಹಾನಗರದ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಕೇಳಿಬರುವ ಮಾತು ಅದು. ಆದರೂ ಆ ದಿನ ಅದು ನನ್ನ ಕಿವಿಯಲ್ಲಿ ಉಳಿಯಿತು.

ನನ್ನ ತಾಯಿ ಬದುಕಿದ್ದಾಗ, ರಜೆಗೆ ಊರಿಗೆ ಹೋದ ಮೊಮ್ಮಗಳು ಹೀಗೆಯೇ "ಬೈ ಅಜ್ಜಿ" ಎಂದರೆ, "ನಾನೇಕೆ ನಿನ್ನನ್ನು ಬೈಯಲಿ, ನೀನು ಮಾಡಿದ ತಪ್ಪಾದರೂ ಏನು?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ನಮ್ಮ ಕಿವಿಗೆ ಬೈಗುಳದಂತೆ ಕೇಳುವ ಆ ಮಾತು ನಿಜಕ್ಕೂ ಒಂದು ಆಶೀರ್ವಾದವೇ. "ದೇವರು ನಿನ್ನೊಡನಿರಲಿ" ಎಂಬ ಇಂಗ್ಲಿಷ್ ವಾಕ್ಯವು ಬಾಯಿಂದ ಬಾಯಿಗೆ ಸವೆದು "ಗುಡ್‌ಬೈ" ಆಯಿತು. ಅದರ ತುಣುಕೇ "ಬೈ". ಆದುದರಿಂದ ಆ ಮಾತಿನ ಮೇಲೆ ನನಗೆ ಮುನಿಸಿಲ್ಲ. ಅದು ಬಂದು ಕುಳಿತ ಜಾಗದಲ್ಲಿ ಮೊದಲು ಇದ್ದ ಮಾತು ಯಾವುದು ಎಂಬುದನ್ನು ಮಾತ್ರ ವಾಚಕರಿಗೆ ನೆನಪಿಸಬೇಕೆನಿಸುತ್ತದೆ.

ನಾವು ಮನೆಯಿಂದ ಹೊರಡುವಾಗ "ಹೋಗುತ್ತೇನೆ" ಎನ್ನುವವರಲ್ಲ. "ಹೋಗಿ ಬರುತ್ತೇನೆ" ಎನ್ನುವವರು. ನಮ್ಮ ಕುಂದಾಪುರದ ಕಡೆಯ ಆಡುಮಾತಿನಲ್ಲಿ ಅದು "ಹೋಯ್ ಬತ್ತೆ". ಶಾಲೆಯಲ್ಲಿ ಕಲಿತ ವ್ಯಾಕರಣವನ್ನು ನೆನೆದರೆ, "ಹೋಗಿ" ಎಂಬುದು ಭೂತಕಾಲವನ್ನು ಸೂಚಿಸುವ ಕೃದಂತಾವ್ಯಯ. "ಬರುತ್ತೇನೆ" ಎಂಬುದು ಪೂರ್ಣ ಕ್ರಿಯಾಪದ. ಹೊರಟವನು ಇನ್ನೂ ಹೊಸ್ತಿಲನ್ನು ದಾಟಿಲ್ಲ. ಆದರೆ ಅವನ ಮಾತಿನಲ್ಲಿ ಹೋಗುವಿಕೆಯು ಆಗಲೇ ಮುಗಿದುಹೋಗಿದೆ! ಇನ್ನು ಉಳಿದಿರುವುದು ಬರುವ ಕೆಲಸವೊಂದೇ. ಹಿಂದೆ ಉಳಿಯುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನವನ್ನು ಎರಡು ಪದಗಳಲ್ಲಿ ಹೇಳುವುದು ಸಾಧ್ಯವೇ?

ಇದು ಕನ್ನಡಕ್ಕೊಂದಕ್ಕೇ ಸೇರಿದ ಸೊತ್ತೇನೂ ಅಲ್ಲ. ತುಳುವರು "ಪೋದು ಬರ್ಪೆ" ಎನ್ನುತ್ತಾರೆ. ಚೆನ್ನೈಯಲ್ಲಿರುವ ನಮ್ಮವರು ನೆರೆಮನೆಯಲ್ಲಿ "ಪೋಯಿಟ್ಟು ವರೇನ್" ಎಂಬುದನ್ನೂ, ಹೈದರಾಬಾದಿನಲ್ಲಿರುವವರು "ವೆಳ್ಳಿ ವಸ್ತಾನು" ಎಂಬುದನ್ನೂ ನಿತ್ಯ ಕೇಳುತ್ತಾರೆ. ಮರಾಠಿ ಗೃಹಸ್ಥನಂತೂ ಹೋಗುವ ಸುದ್ದಿಯನ್ನೇ ಎತ್ತದೆ, ಹೊರಡುವಾಗ "ಯೇತೋ", ಅಂದರೆ "ಬರುತ್ತೇನೆ" ಎಂದುಬಿಡುತ್ತಾನೆ. ಸಾವು ಸಂಭವಿಸಿದ ಮನೆಯಿಂದ ಎದ್ದುಬರುವಾಗ ಮಾತ್ರ ನಮ್ಮವರು ಈ ಮಾತನ್ನು ಆಡುವುದಿಲ್ಲ. ಏನನ್ನೂ ಹೇಳದೆ ಹೊರಟುಬಿಡುತ್ತಾರೆ. ಅಂತಹ ಕಾರಣಕ್ಕಾಗಿ ಮತ್ತೆ ಅಲ್ಲಿಗೆ ಬರುವಂತಾಗದಿರಲಿ ಎಂಬುದೇ ಅದರ ಅರ್ಥ. ಆಡಿದ ಮಾತು ನಿಜವಾಗುತ್ತದೆಂಬ ನಂಬಿಕೆ ಹಿರಿಯರಲ್ಲಿ ಅಷ್ಟು ಗಟ್ಟಿಯಾಗಿತ್ತು.

ಹೋಟೆಲಿನ ಗಲ್ಲಾದಲ್ಲಿ ಕುಳಿತು ಇಪ್ಪತ್ತು ವರ್ಷ ಈ ಮಾತಿನ ಬೆಲೆಯನ್ನು ನಾನು ಕಂಡಿದ್ದೇನೆ. ಏಪ್ರಿಲ್, ಮೇ ತಿಂಗಳು ಬಂದಿತೆಂದರೆ ಊರಿನ ಮದುವೆ, ಕೋಲ, ಯಕ್ಷಗಾನಗಳ ಸೆಳೆತಕ್ಕೆ ಹುಡುಗರು ಒಬ್ಬೊಬ್ಬರಾಗಿ ರಜೆ ಕೇಳುತ್ತಿದ್ದರು. ಪತ್ತನಾಜೆ ಕಳೆದು, ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಅವರೂ ಮರಳಬೇಕು. "ಹೋಗಿ ಬರುತ್ತೇನೆ ಧಣಿಗಳೇ" ಎಂದವನ ಹಾಸಿಗೆಯ ಸುರುಳಿಯನ್ನು ಮಾಳಿಗೆಯಲ್ಲಿ ಹಾಗೆಯೇ ಇರಿಸುತ್ತಿದ್ದೆ. ತಲೆ ತಗ್ಗಿಸಿ "ಹೋಗುತ್ತೇನೆ" ಎಂದವನ ಲೆಕ್ಕವನ್ನು ಅಂದೇ ಚುಕ್ತಾ ಮಾಡುತ್ತಿದ್ದೆ. ಈ ಎಣಿಕೆಯಲ್ಲಿ ನಾನು ತಪ್ಪಿದ್ದು ತೀರ ಕಡಿಮೆ.

ನಾನಾದರೂ ಈ ಮಾತನ್ನು ಹೇಳಿಯೇ ಊರು ಬಿಟ್ಟವನು. 1994ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಯ ಬಸ್ಸು ಹತ್ತಿದಾಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. 1998ರ ಜನವರಿ 26ರಂದು ಆ ಮಾರ್ಗವು ಪೂರ್ತಿಯಾಗಿ ತೆರೆದ ಮೇಲೆ ಊರು ಹತ್ತಿರವಾಯಿತು. ವರ್ಷಕ್ಕೊಮ್ಮೆಯ ಪ್ರಯಾಣವು ಎರಡು, ಮೂರು ಬಾರಿಯಾಯಿತು. ದಾರಿ ಸುಲಭವಾದಂತೆ ಮಾತು ಹಗುರವಾಯಿತೆಂದು ತೋರುತ್ತದೆ.

2019ರ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಹಿಂದಿರುಗುವ ದಿನ ರಿಕ್ಷಾ ಬಂದು ನಿಂತಾಗ ಹೋಟೆಲಿನಿಂದ ಫೋನು ಬಂದಿತು. ಅಡಿಗೆಯವನೊಬ್ಬನು ಹೇಳದೆ ಕೇಳದೆ ಬಿಟ್ಟುಹೋಗಿದ್ದನು. ಫೋನನ್ನು ಕಿವಿಗೆ ಹಿಡಿದುಕೊಂಡೇ ರಿಕ್ಷಾ ಏರಿದೆ. ದಣಪೆಯ ಬಳಿ ನಿಂತಿದ್ದ ತಾಯಿಗೆ ಕೈ ಬೀಸಿದೆನೇ ಹೊರತು ಬಾಯಿ ತೆರೆದು ಏನನ್ನೂ ಹೇಳಲಿಲ್ಲ. ಆಕೆ ಮಾತ್ರ ತನ್ನ ಪಾಲಿನ ಮಾತನ್ನು ಆಡಿದಳು: "ಹೋಯ್ ಬಾ ಮಗಾ."

ಮರುವರ್ಷ ಮಾರ್ಚ್ 25ರಿಂದ ದೇಶವೆಲ್ಲ ಬೀಗ ಹಾಕಿಕೊಂಡಿತು. ಪ್ರಯಾಣಿಕರ ರೈಲುಗಳು ನಿಂತವು. ಏಪ್ರಿಲಿನಲ್ಲಿ ತಾಯಿ ತೀರಿಕೊಂಡಳು. ಅಣ್ಣನು ಕ್ರಿಯೆಗಳನ್ನು ನಡೆಸಿದನು. ನಾನು ಅಂಗೈಯಗಲದ ಮೊಬೈಲಿನ ಪರದೆಯಲ್ಲಿ ಚಿತೆಯನ್ನು ನೋಡಿದೆ. ಅಕ್ಟೋಬರಿನಲ್ಲಿ ಊರಿಗೆ ಹೋದವನು ಮರಳುವಾಗ ಅದೇ ದಣಪೆಯ ಬಳಿ ನಿಂತು, ಆ ಎರಡು ಪದಗಳನ್ನು ಸ್ಪಷ್ಟವಾಗಿ ಹೇಳಿದೆ. ಕೇಳಬೇಕಾದವಳು ಇರಲಿಲ್ಲ.

ಆದುದರಿಂದ ಮಗಳನ್ನು ಗದರಿಸುವ ಅಧಿಕಾರವು ನನಗಿಲ್ಲ. ಹೇಳುವುದನ್ನು ಮರೆತವನು ಮೊದಲು ನಾನೇ. ಆದರೆ ತಾಯಿಯು ಅಂದು ನನಗೆ ಇನ್ನೊಂದು ಪಾಠವನ್ನೂ ಕಲಿಸಿಹೋದಳು. ಈ ಮಾತಿಗೆ ಎರಡು ತುದಿಗಳಿವೆ: ಹೊರಡುವವರದು "ಹೋಗಿ ಬರುತ್ತೇನೆ", ಉಳಿಯುವವರದು "ಹೋಗಿ ಬಾ". ಒಂದು ತುದಿಯು ಕೈಜಾರಿದರೂ ಇನ್ನೊಂದನ್ನು ಹಿಡಿದಿರಬಹುದು. ನಮ್ಮ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವವರು. ಅವರು ಎಲ್ಲವನ್ನೂ ನಮ್ಮಂತೆಯೇ ಆಡಲಿ ಎಂದರೆ ಆಗದು. ನಮ್ಮ ಪಾಲಿನ ಮಾತನ್ನು ನಾವು ಆಡುವುದಕ್ಕೆ ಅಡ್ಡಿ ಯಾರದು?

ಅಂದು ಮಗಳು "ಬೈ" ಎಂದಾಗ ನಾನು ಫೋನನ್ನು ಮೇಜಿನ ಮೇಲಿರಿಸಿ ಬಾಗಿಲವರೆಗೆ ನಡೆದೆ. "ಹೋಯ್ ಬಾ ಮಗಾ" ಎಂದೆ. ಅವಳು ಮೆಟ್ಟಿಲಿನಲ್ಲಿ ನಿಂತು, ತಿರುಗಿ ನೋಡಿ, "ಅಜ್ಜಿಯ ಹಾಗೆಯೇ ಹೇಳಿದಿರಿ" ಎಂದು ನಕ್ಕಳು. ಬಳಿಕ ಇಳಿದುಹೋದಳು.