ಜೇನುಪೆಟ್ಟಿಗೆಗೆ ಎಂಥ ಅಡಿಮಣೆ?

ಜೇನು ಸಾಕಣೆಯ ಬಗ್ಗೆ ದೂರದರ್ಶನದಲ್ಲಿ ಮಾತುಕತೆ ನಡೆದಾಗ ಕ್ಯಾಮೆರಾ ಹೋಗುವುದು ಎರಿಯ ಕಡೆಗೆ, ತುಪ್ಪದ ಕಡೆಗೆ. ಪೆಟ್ಟಿಗೆಯ ತಳದ ಹಲಗೆಯನ್ನು ತೋರಿಸುವವರು ಕಡಿಮೆ. ತೋರಿಸಿದರೂ ಕಾಣುವುದು ಒಂದಿಷ್ಟು ಕಸವಷ್ಟೇ. ಪರದೆಗೆ ಒಗ್ಗದ ವಿಷಯವಾದ್ದರಿಂದ ಅದನ್ನು ಈ ಪುಟಕ್ಕೆ ತಂದಿದ್ದೇವೆ. ಸಾಕಿದ ಜೇನು ಸಂಸಾರ ಒಂದು ದಿನ ಪೆಟ್ಟಿಗೆ ಬಿಟ್ಟು ಹಾರಿಹೋಗುವುದಕ್ಕೂ ಆ ಕಸಕ್ಕೂ ಹತ್ತಿರದ ನಂಟಿದೆ.

ಮಂಡ್ಯ, ಮದ್ದೂರು, ಮಳವಳ್ಳಿಯ ಹವೆಯನ್ನು ಮೊದಲು ನೋಡೋಣ. ಏಪ್ರಿಲ್ ಮಧ್ಯಾಹ್ನದಲ್ಲಿ ಉಷ್ಣತೆ 35 ಡಿಗ್ರಿ ದಾಟುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆ ಜೋರು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯುವ ಕಡೆ ಭತ್ತದ ಗದ್ದೆ, ಕಬ್ಬಿನ ತೋಟಗಳ ತೇವ ಬೇರೆ. ಮಳವಳ್ಳಿಯ ರಾಗಿ ಹೊಲಗಳ ಕಡೆ ಒಣಹವೆ. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಹವೆ. ತೆಂಗು, ಹೊಂಗೆ, ಹುಣಸೆ, ಬೇವು ಇರುವುದರಿಂದ ಜೇನಿಗೆ ಮೇವು ಎರಡೂ ಕಡೆ ಸಿಗುತ್ತದೆ.

ಮರಿಗಳಿರುವ ಎರಿಯ ಸುತ್ತ ಜೇನ್ನೊಣಗಳು 33ರಿಂದ 36 ಡಿಗ್ರಿಯ ಶಾಖವನ್ನು ಕಾಪಾಡಿಕೊಳ್ಳುತ್ತವೆ. ಸೆಕೆ ಹೆಚ್ಚಾದರೆ ನೀರು ತಂದು ಎರಿಯ ಮೇಲೆ ಹರಡಿ, ರೆಕ್ಕೆ ಬೀಸಿ ಆರಿಸುತ್ತವೆ. ಮಡಕೆಯ ನೀರು ತಣ್ಣಗಾಗುವುದೂ ಇದೇ ನಿಯಮದಿಂದ. ಮಕರಂದದಲ್ಲಿರುವ ಹೆಚ್ಚಿನ ನೀರನ್ನು ಆರಿಸಿ ತುಪ್ಪ ಮಾಡುವುದೂ ಈ ಗಾಳಿಯ ಬಲದಿಂದಲೇ.

ಇಲ್ಲೊಂದು ಸ್ವಾರಸ್ಯವಿದೆ. ಯುರೋಪಿನ ಜೇನ್ನೊಣ ಬಾಗಿಲಲ್ಲಿ ತಲೆಯನ್ನು ಒಳಗೆ ಮಾಡಿ ನಿಂತು ಒಳಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ನಮ್ಮ ತುಡುವೆ ಜೇನು ತಲೆಯನ್ನು ಹೊರಗೆ ಮಾಡಿ ನಿಂತು ಹೊರಗಾಳಿಯನ್ನು ಒಳಕ್ಕೆ ನೂಕುತ್ತದೆ. ಆದ್ದರಿಂದ ಪರದೇಶದ ಪುಸ್ತಕದಲ್ಲಿ ಕಂಡ ಅಡಿಮಣೆಯನ್ನು ಹಾಗೆಯೇ ತಂದು ತುಡುವೆ ಪೆಟ್ಟಿಗೆಗೆ ಜೋಡಿಸುವುದು ಸರಿಯಲ್ಲ.

ತಂತಿ ಜಾಲರಿಯ ಅಡಿಮಣೆ ಹೆಸರಾದದ್ದು ವರೋವ ಎಂಬ ಉಣ್ಣೆಯಂಥ ಜೀವಿಯ ಕಾಟದಿಂದ. ನೊಣದ ಮೈಯಿಂದ ಉದುರಿದ ವರೋವ ಜಾಲರಿಯ ಕೆಳಗೆ ಬಿದ್ದರೆ ಮತ್ತೆ ಮೇಲೆ ಹತ್ತಲಾರದು. ಯುರೋಪಿನ ಜೇನಿಗೆ ಅದು ದೊಡ್ಡ ಶತ್ರು. ತುಡುವೆಯಾದರೋ ಅದರೊಡನೆ ಬಹುಕಾಲದಿಂದ ಬದುಕಿ ಬಂದಿದೆ. ಮೈ ಉಜ್ಜಿ ಕೆಡವುತ್ತದೆ. ಅಲ್ಲಿಗೆ ಜಾಲರಿಯ ಮುಖ್ಯ ಲಾಭ ನಮಗೆ ಅಷ್ಟಾಗಿ ಬೇಕಿಲ್ಲ.

ಗಾಳಿಗಾದರೂ ಬೇಡವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಮಳೆಗಾಲದ ರಾತ್ರಿ 22 ಡಿಗ್ರಿಯ ಗಾಳಿ ತೇವದಿಂದ ಪೂರ್ತಿ ತುಂಬಿದ್ದರೆ ಒಂದು ಘನ ಮೀಟರಿನಲ್ಲಿ ಸುಮಾರು 19 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ ಗೂಡಿನೊಳಗೆ 34 ಡಿಗ್ರಿಗೆ ಕಾದರೆ ಸುಮಾರು 38 ಗ್ರಾಂ ಹಿಡಿಯಬಲ್ಲದು. ಹೊರಗಿನ ಒದ್ದೆ ಗಾಳಿ ಒಳಗೆ ಬಂದು ಒಣಗಾಳಿಯಾಗುತ್ತದೆ! ಆದರೆ ಅದನ್ನು ಕಾಯಿಸುವವರು ನೊಣಗಳೇ. ತಳವೆಲ್ಲ ತೆರೆದಿದ್ದರೆ ಚಳಿಗಾಳಿ ಅವುಗಳ ಅಳತೆ ಮೀರಿ ನುಗ್ಗುತ್ತದೆ. ಬೇಸಿಗೆಯಲ್ಲಿ ಇದರ ತಿರುಗುಮುರುಗು. ಹೊರಗೆ 37 ಡಿಗ್ರಿ ಉರಿಯುವಾಗ ನಾವು ಮನೆಯ ಕಿಟಕಿ ಮುಚ್ಚುವುದಿಲ್ಲವೇ?

ಆದ್ದರಿಂದ ಈ ಮೂರು ತಾಲ್ಲೂಕುಗಳ ತುಡುವೆ ಸಾಕುವವರಿಗೆ ನನ್ನ ಮಟ್ಟಿಗೆ ಸರಿಯೆನಿಸುವುದು ಇಡಿಯಾದ ಮರದ ಹಲಗೆ. ಆದರೆ ಅದು ಕಳಚಿ ತೆಗೆಯುವಂತಿರಬೇಕು. ಮೊಳೆ ಹೊಡೆದು ಕೂರಿಸಿದ ಅಡಿಮಣೆ ಎಷ್ಟೇ ಅಗ್ಗವಾದರೂ ಬೇಡ. ಪ್ಲೈವುಡ್ ಮಳೆಗೆ ಉಬ್ಬಿ ಪದರ ಬಿಡುತ್ತದೆ. ಬಣ್ಣ ಹೊರಮೈಗೆ ಮಾತ್ರ ಸಾಕು. ಹಿಂಬದಿಯನ್ನು ಒಂದು ಬೆರಳಿನಷ್ಟು ಎತ್ತರಿಸಿದರೆ ಒಳಗೆ ಬಿದ್ದ ಮಳೆನೀರು ಬಾಗಿಲಿನಿಂದ ಹೊರಗೆ ಹರಿಯುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿಟ್ಟರೆ ಇರುವೆ ಹತ್ತುವುದಿಲ್ಲ. ಪೆಟ್ಟಿಗೆಗೆ ಹೊಂಗೆಮರದ ನೆರಳು ಸಿಕ್ಕರೆ ಸೆಕೆಯ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಕಳಚುವ ಹಲಗೆಯೇ ಏಕೆ? ಮೇಣದ ಚೂರು, ಪರಾಗ, ಸತ್ತ ನೊಣ ಎಲ್ಲವೂ ಬೀಳುವುದು ಅಲ್ಲಿಗೆ. ಮೇಣದ ಪತಂಗದ ಹುಳುಗಳು ಆ ಕಸದಲ್ಲೇ ಬೆಳೆದು ಎರಿಗೆ ಹತ್ತಿ, ಬಲೆ ಹೆಣೆಯುತ್ತಾ ಸುರಂಗ ಕೊರೆಯುತ್ತವೆ. ಯುರೋಪಿನ ಜೇನು ಹೋರಾಡಿಯಾದರೂ ನಿಂತೀತು. ತುಡುವೆ ಬೇಸತ್ತು ಗೂಡನ್ನೇ ಬಿಟ್ಟು ಹೊರಡುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಅದನ್ನು ಯಾವ ಅಡಿಮಣೆಯೂ ತಡೆಯುತ್ತಿರಲಿಲ್ಲ. ಪತಂಗವನ್ನು ಮಾತ್ರ ವಾರಕ್ಕೊಮ್ಮೆ ಹಲಗೆ ಕೆರೆದು, ಕಸವನ್ನು ಸುಟ್ಟುಹಾಕಿ ಬಹುಮಟ್ಟಿಗೆ ತಡೆಯಬಹುದು. ಕಸವನ್ನು ಪೆಟ್ಟಿಗೆಯ ಪಕ್ಕದಲ್ಲೇ ಸುರಿದರೆ ಪ್ರಯೋಜನವಿಲ್ಲ.

ಜಾಲರಿಯನ್ನು ನೋಡಲೇಬೇಕೆಂಬ ಕುತೂಹಲವಿದ್ದರೆ ಕಾಲೇಜಿನ ತೋಟದಲ್ಲಿ ಪ್ರಯೋಗ ಮಾಡಿ. ಸಮಬಲದ ಎರಡು ಸಂಸಾರಗಳನ್ನು ಒಂದೇ ಮರದ ನೆರಳಿನಲ್ಲಿಡಿ. ಒಂದಕ್ಕೆ ಇಡಿ ಹಲಗೆ, ಇನ್ನೊಂದಕ್ಕೆ ಕೆಳಗೆ ಜಾರುತಟ್ಟೆಯಿರುವ ಜಾಲರಿ. ಮಧ್ಯಾಹ್ನ ಎರಡು ಗಂಟೆಗೆ ಬಾಗಿಲಲ್ಲಿ ರೆಕ್ಕೆ ಬೀಸುತ್ತಿರುವ ನೊಣಗಳನ್ನು ಐದು ನಿಮಿಷ ಎಣಿಸಿ, ಒಳಗಿನ ಉಷ್ಣತೆ ಬರೆದಿಡಿ. ಒಂದು ವಾರದ ನಂತರ ಅಡಿಮಣೆಗಳನ್ನು ಅದಲುಬದಲು ಮಾಡಿ ಮತ್ತೆ ಎಣಿಸಿ.